ಸಿಲೋನ್ ಪಾಟಿಯ ಸ್ವಂತ ಊರು

ಬಿಟ್ಟಂಗಾಲದ ಹತ್ತಿರದ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದಾಗ, ಬೆಳಗಿನ ಹಾಜರಿ ಮುಗಿದೊಡನೆ ತೋಟದಲ್ಲಿ ದುಡಿಯುವ ತಮಿಳು ಅಜ್ಜಿ, ಸಿಲೋನ್ ಪಾಟಿ, ಹಾಲಿಲ್ಲದ ಟೀ ತಂದುಕೊಡುತ್ತಿದ್ದಳು. ಸಕ್ಕರೆ ಬೆರೆಸುವ ಪದ್ಧತಿ ಅವಳದಲ್ಲ. ಅಂಗೈಗೆ ಒಂದು ಚೂರು ಬೆಲ್ಲ ಇಡುತ್ತಿದ್ದಳು. ಒಮ್ಮೆ ಬೆಲ್ಲ ಕಚ್ಚಬೇಕು, ಒಮ್ಮೆ ಟೀ ಹೀರಬೇಕು. ಕಾಫಿ ತೋಟದಲ್ಲಿ ಕೂತು ಟೀ ಕುಡಿಯುವುದೇ ಎಂದು ಮೊದಲು ಮುಖ ಸಿಂಡರಿಸಿದವನು ನಾನು. ಈಗ ಆ ರುಚಿಗೆ ಬಾಯಿ ಹಾತೊರೆಯುತ್ತದೆ.

ಅವಳ ಮುತ್ತಜ್ಜನನ್ನು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಟೀ ತೋಟಕ್ಕೆ ಒಯ್ದಿದ್ದರಂತೆ. ಬ್ರಿಟಿಷರು ಹೋದ ಮೇಲೆ ಎರಡೂ ದೇಶಗಳ ಸರ್ಕಾರಗಳು ಕೂತು ಈ ಜನರನ್ನು ಹಂಚಿಕೊಂಡವು. ನಮ್ಮ ಸರ್ಕಾರಕ್ಕೆ ಘಟ್ಟದ ಕೆಳಗೆ ರಬ್ಬರ್ ಬೆಳೆಸಬೇಕಿತ್ತು, ಸಿಲೋನಿನಿಂದ ಬಂದವರಿಗೆ ನೆಲೆ ಬೇಕಿತ್ತು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆಯಿತು. ಅಭಿವೃದ್ಧಿ ಯೋಜನೆ ಎಂದು ಹೆಸರೂ ಆಯಿತು. ಪಾಟಿಯ ಗಂಡನಿಗೂ ಅಲ್ಲಿ ಕೆಲಸ, ಮನೆ ಸಿಕ್ಕಿತು. ಆದರೆ ಕೆಲಸ ಇದ್ದರಷ್ಟೇ ಮನೆ. ಗಂಡ ಸತ್ತು ಕೆಲಸ ಹೋದಾಗ ಮನೆಯೂ ಹೋಗಿ, ಅವಳು ಮಗಳನ್ನು ಕಟ್ಟಿಕೊಂಡು ಘಟ್ಟ ಹತ್ತಿ ನಮ್ಮ ಎಸ್ಟೇಟಿನ ಕೂಲಿಯವರ ಸಾಲುಮನೆಗೆ, ಲೈನಿಗೆ, ಬಂದಳು.

ಆಗಿನ್ನೂ ಅವಳು ಪಾಟಿಯಾಗಿರಲಿಲ್ಲ. ಮೊದಲ ದಿನದ ಪಿಕಿಂಗ್‌ನಲ್ಲಿ ಟೀ ಚಿಗುರಿನ ಅಭ್ಯಾಸದಂತೆ ಕಾಫಿ ಹಣ್ಣು ಕಿತ್ತು ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ಬೆನ್ನ ಮೇಲೆ ಬುಟ್ಟಿಯಿರಲಿಲ್ಲ, ಚೀಲ ಸೊಂಟದಲ್ಲಿತ್ತು. ಹಣ್ಣು ಹೋಗಿ ಮೇಸ್ತ್ರಿಯ ಮುಖಕ್ಕೆ ಬಡಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೇ ಎಲ್ಲರಿಗಿಂತ ಜೋರಾಗಿ. ಎಂಥ ನಗು ಅದು!

ಕೆಲವು ವರ್ಷಗಳ ಹಿಂದೆ ಮನೆಯಿಲ್ಲದವರಿಗೆ ಸೈಟು ಕೊಡುತ್ತಾರೆಂಬ ಸುದ್ದಿ ಬಂತು. ಯಾರೂ 'ಎದ್ದು ಹೋಗು' ಎನ್ನದ ಒಂದು ಮನೆ ಮಗಳಿಗಿರಲಿ ಎಂದು ಪಾಟಿಯ ಆಸೆ. ಅರ್ಜಿ ತುಂಬಲು ಕೂತವನು ನಾನೇ.

"ಸ್ವಂತ ಊರು ಬಿಟ್ಟಂಗಾಲ ಅಂತ ಬರೀರಿ ರೈಟರೇ."

"ಹುಟ್ಟಿದ್ದು ಸಿಲೋನಲ್ಲಲ್ವಾ ಪಾಟಿ? ಸುಳ್ಳು ಬರೆದ್ರೆ ನಾಳೆ ಸಿಕ್ಕಿ ಬೀಳ್ತೀಯ" ಎಂದು ಗದರಿದೆ. ಸಿಲೋನ್ ಎಂದೇ ಬರೆದೆ. ಸಾಲದ್ದಕ್ಕೆ ರಬ್ಬರ್ ತೋಟದ ಮನೆಯ ಕಥೆಯನ್ನೂ ಮುತ್ತಿನಂಥ ಅಕ್ಷರದಲ್ಲಿ ಸೇರಿಸಿದೆ.

ಅರ್ಜಿ ತಿರುಗಿ ಬಂತು: ಹಿಂದೆಯೇ ಯೋಜನೆಯಲ್ಲಿ ಮನೆ ಪಡೆದ ಕುಟುಂಬ, ಅರ್ಹರಲ್ಲ. ಓದಿ ಹೇಳಿದವನೂ ನಾನೇ.

ಪಾಟಿ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿದ್ದೆ.

"ಸಿಲೋನಲ್ಲಿದ್ದದ್ದು ಹದಿನೆಂಟು ವರ್ಷ, ಇಲ್ಲಿ ಮೂವತ್ತೈದಾಯ್ತು. ನಮ್ಮೂರು ಅನ್ನೋಕೆ ಇನ್ನೂ ಎಷ್ಟು ವರ್ಷ ಇರ್ಬೇಕು ರೈಟರೇ?" ಎಂದಳು, ಅಷ್ಟೇ.

ಮರುವರ್ಷ ಲೈನ್ ಕೆಡವಿದರು. ಅವಳು ಮಗಳ ಜೊತೆ ತಿರುಪ್ಪೂರಿಗೆ ಹೋದಳು.

ನಾನು ಹುಟ್ಟಿದ್ದು ಶನಿವಾರಸಂತೆಯಲ್ಲಿ. ನನ್ನ ಕಾಗದಗಳಲ್ಲೆಲ್ಲ ಸ್ವಂತ ಊರು ಬಿಟ್ಟಂಗಾಲ ಎಂದೇ ಇದೆ. ಬರೆದವನು ನಾನೇ, ಯಾರೂ ಕೇಳಲಿಲ್ಲ.