ಎಂಟರಲ್ಲಿ ಆರೇ ಮನೆ

ನಮ್ಮ ದೊಡ್ಡಪ್ಪ ವಾಚ್ ರಿಪೇರಿಯವರು. ಊರವರ ಕಾಲ ಸರಿಮಾಡುತ್ತಲೇ ತಮ್ಮ ಕಾಲ ಕಳೆದವರು. ಯಾರ ಮಾತನ್ನೂ ಭೂತಗನ್ನಡಿ ಹಿಡಿಯದೆ ನಂಬಿದವರಲ್ಲ.

ಅವರ ಅನುಮಾನಗಳಲ್ಲೆಲ್ಲ ಹಿರಿಯದು ದೊಡ್ಡಮ್ಮನ ತಮ್ಮನ ಮೇಲೆ. ಟಿವಿ ಮೆಕ್ಯಾನಿಕ್ ಆದ ಈ ಬಾಮೈದ ಹಿಂದೆ ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಅವರೊಡನೆ ಚದುರಂಗ ಆಡುತ್ತಿದ್ದ. ಒಂದು ಆಟ ಅರ್ಧಕ್ಕೆ ನಿಂತಾಗ ಅದನ್ನು ಆ ಕಾಲದ ರೂಢಿಯಂತೆ ಹಾಡು ತುಂಬಿಸುವಂಥ ಎರಡು ಕ್ಯಾಸೆಟ್ಟಿಗೆ ತುಂಬಿಸಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡರು. ಮರುದಿನ ಕಂಪ್ಯೂಟರ್ ಸುಟ್ಟುಹೋಯಿತು; ಆ ಕ್ಯಾಸೆಟ್ ಓದಬಲ್ಲ ಇನ್ನೊಂದು ಊರಲ್ಲಿರಲಿಲ್ಲ. ಗೆಲ್ಲುತ್ತಿದ್ದವನು ನಾನೇ ಎಂದು ಇಬ್ಬರದೂ ಹಟ. ಸೋಲು ಮುಚ್ಚಿಡಲು ಪ್ಲಗ್ಗಿನಲ್ಲಿ ಕೈಚಳಕ ತೋರಿಸಿ ಇವನೇ ಸುಟ್ಟ ಎಂದು ದೊಡ್ಡಪ್ಪನ ತೀರ್ಪು. ಇಪ್ಪತ್ತೆರಡು ವರ್ಷ ಮಾತಿಲ್ಲ, ಕತೆಯಿಲ್ಲ.

ಈಗ ಬಾಮೈದ ಹೇಳಿಕಳಿಸಿದ. ತನ್ನ ಹಳೆಯ ಕಂಪ್ಯೂಟರ್ ಬೇರೆ ಜಾತಿಯದಾದರೂ ಅದು ಭಾವನ ಕಂಪ್ಯೂಟರಿನಂತೆಯೇ ನಡೆದುಕೊಳ್ಳುವ ಹಾಗೆ ಪ್ರೋಗ್ರಾಂ ತುಂಬಿ ವೇಷ ಹಾಕಿಸಿದ್ದಾನಂತೆ; ಕ್ಯಾಸೆಟ್ ತಂದರೆ ಆ ಆಟ ನೋಡಬಹುದಂತೆ. ದೊಡ್ಡಪ್ಪ ಕ್ಯಾಸೆಟ್ಟನ್ನು ಒಳಜೇಬಿಗೆ ಸೇರಿಸಿ, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೊರಟರು.

ಹಿಂದೆ ಕಣ್ಣು ಮಿಟುಕಿಸುವುದರೊಳಗೆ ಮೂಡುತ್ತಿದ್ದ ಕಾಯಿಗಳು ಬಾಮೈದನ ಮನೆಯ ಪರದೆಯ ಮೇಲೆ ಆಮೆನಡಿಗೆಯಲ್ಲಿ ಒಂದೊಂದಾಗಿ ಬಂದವು.

“ಯಾಕೆ ಇಷ್ಟು ನಿಧಾನ? ಒಳಗೆ ಕಾಯಿ ಬದಲಾಯಿಸ್ತಿದೀಯಾ?”

“ನಿಮ್ಮದು ಒಂದೇ ಹೆಜ್ಜೆಗೆ ಮಾಡ್ತಿದ್ದ ಕೆಲಸಕ್ಕೆ ಇದು ಹತ್ತಿಪ್ಪತ್ತು ಹೆಜ್ಜೆ ಇಡ್ಬೇಕು, ಭಾವ.”

ದೊಡ್ಡಪ್ಪ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟರು. ಪ್ರತಿ ಕಾಯಿಗೂ ಏಳು ಸೆಕೆಂಡು; ಆರೂ ಅಲ್ಲ, ಎಂಟೂ ಅಲ್ಲ. ಮೋಸಕ್ಕೆ ಇಷ್ಟು ಶಿಸ್ತು ಇರುವುದಿಲ್ಲ ಎಂದು ಗೊಣಗಿದರು. ಅಷ್ಟರಲ್ಲಿ ಚಿತ್ರ ನಿಂತಿತು. ಅಡ್ಡಕ್ಕೆ ಎಂಟು ಮನೆ ಇರಬೇಕಾದಲ್ಲಿ ಆರೇ. ದೊಡ್ಡಪ್ಪನ ರಾಜನೇ ನಾಪತ್ತೆ.

ಈ ಕಂಪ್ಯೂಟರಿನ ಪರದೆಯಲ್ಲಿ ಅಷ್ಟೇ ಹಿಡಿಸುವುದು ಎಂದ ಬಾಮೈದ, ಒಂದು ಗುಂಡಿ ಒತ್ತಿ ಚಿತ್ರವನ್ನು ಎಡಕ್ಕೆ ಸರಿಸಿದ. ಮತ್ತೆ ಏಳೇಳು ಸೆಕೆಂಡು. ರಾಜ ಬಂದ, ಎಡಗಡೆಯ ಎರಡು ಸಾಲು ಮಾಯ. ದೊಡ್ಡಪ್ಪ ಎರಡು ನೋಟವನ್ನೂ ಚೀಟಿಯಲ್ಲಿ ಬರೆದು ಜೋಡಿಸಿದರು. ಬಾಮೈದನ ರಾಜನ ಆಯುಷ್ಯ ಇನ್ನು ಎರಡೇ ನಡೆ.

ಗೆದ್ದವರ ಹುಬ್ಬು ಇನ್ನಷ್ಟು ಗಂಟಿಕ್ಕಿತು. “ನಿನ್ನ ಹತ್ರಾನೂ ಕ್ಯಾಸೆಟ್ ಇತ್ತಲ್ಲ. ಮೊದಲೇ ನೋಡಿರ್ತೀಯ.”

“ನೋಡಿದ್ದೆ. ಅದಕ್ಕೇ ಕರೆಸಿದ್ದು. ಸೋತಿದ್ದು ನಾನೇ, ಭಾವ. ಸುಟ್ಟಿದ್ದು ಮಾತ್ರ ನಾನಲ್ಲ.”

ದೊಡ್ಡಪ್ಪ ಚೀಟಿಯನ್ನು ಮಡಚಿ ಒಳಜೇಬಿಗೆ ಸೇರಿಸಿದರು. ಮೊದಲ ಮಾತನ್ನು ತಾನಾಗಿ ಒಪ್ಪಿಕೊಂಡವನ ಎರಡನೇ ಮಾತನ್ನು ಅನುಮಾನಿಸುವುದು ಅವರಿಗೂ ಕಷ್ಟವಾಯಿತು. ಕೊನೆಗೆ ಕುರ್ಚಿ ಎಳೆದುಕೊಂಡರು.

“ಹೊಸ ಆಟ ಹಾಕು.”

ಕೂತದ್ದು ಮಾತ್ರ, ಪ್ಲಗ್ಗು ಕಣ್ಣಿಗೆ ಬೀಳುವ ಕಡೆ.