ಗಾಲಿಗೆ ಕಲ್ಲಿಡದೆ ಅಥಣಿಗೆ

ಬೆಳಿಗ್ಗೆ ಆರೂವರೆಗೆ ನಮ್ಮೂರು ಭೋಜ ಬಿಟ್ಟೆವು. ಕಾರು ನಮ್ಮದಲ್ಲ, ಅಪ್ಪ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಹೊಡೆಯುತ್ತಿರುವ ಮನೆಯ ಮಾಲಕರದು. ಸ್ಟಿಯರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಅಪ್ಪ, ಅಪ್ಪನ ಕಾಲ ಹತ್ತಿರ ಒಂದು ಕರೀ ಕಲ್ಲು. ಕಬ್ಬು ತುಂಬಿದ ಟ್ರೇಲರ್ ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರದಂತೆ ಗಾಲಿಗೆ ಕೊಡುವ ಕಲ್ಲು ಅದು. ಕಾರಿಗೆ ಯಾಕಪ್ಪಾ ಇದು ಎಂದೆ.

"ಇರ್ಲಿ ಬಿಡವಾ. ಅದೇನ ನಿನಗ ರೊಟ್ಟಿ ಕೇಳತೈತೇನು?"

ಮಧ್ಯಾಹ್ನ ಎರಡಕ್ಕೆ ಅಥಣಿಯಲ್ಲಿ ಒಂದು ಬೀಜದ ಕಂಪನಿಯ ಗೋದಾಮಿಗೆ ಮುಟ್ಟಬೇಕಿತ್ತು. ತೆಲಸಂಗ ಕಡೆಯ ಮಳೆಯಾಶ್ರಿತ ಹೊಲಗಳಿಗೆ ಕಂಪನಿಯ ಕಾರಿನಲ್ಲಿ ಒಬ್ಬಳೇ ತಿರುಗುವ ಕೆಲಸ. ಸಂದರ್ಶನ ಮುಗಿದಿತ್ತು, ಆರಿಸಿಕೊಂಡೂ ಇದ್ದರು. ಉಳಿದದ್ದು ಮ್ಯಾನೇಜರ್ ಎದುರು ಕಾರು ಹೊಡೆದು ತೋರಿಸುವುದು. ಹೊಡೆಯಲು ಬಾರದಿದ್ದರೆ ಕೆಲಸ ಪಟ್ಟಿಯ ಎರಡನೇ ನಂಬರಿನವನಿಗೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ರಜೆಯಲ್ಲೆಲ್ಲ ತಂಬಾಕಿನ ಹೊಲದಲ್ಲಿ ದುಡಿದು, ಹಾಸ್ಟೆಲಿನ ಲೈಟಿನಲ್ಲಿ ಓದಿ ಕೃಷಿ ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ್ದೆ. ಅಷ್ಟೆಲ್ಲ ಮಾಡಿ ಒಂದು ಪೆಡಲಿನ ಮುಂದೆ ಸೋಲುವುದು ನನಗೆ ಒಪ್ಪಿಗೆ ಇರಲಿಲ್ಲ.

ಲೈಸೆನ್ಸ್ ಇತ್ತು. ಆದರೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿಗೂ ಒಂದು ಕ್ಲಚ್ ಇತ್ತು. ನಾನು ತಪ್ಪಿದಾಗೆಲ್ಲ ಅವರೇ ತುಳಿದು ಬಿಡುತ್ತಿದ್ದರು. ನನ್ನ ಖರೇ ಕಲಿಕೆ ಅಪ್ಪನ ಟ್ರ್ಯಾಕ್ಟರ್ ಮೇಲೆ. ಅಪ್ಪನ ಕಾನೂನು ಎರಡು. ಏರಿನಲ್ಲಿ ಗೇರ್ ಬದಲಿಸಬಾರದು, ಯಾಕೆಂದರೆ ಕ್ಲಚ್ ಒತ್ತಿದೊಡನೆ ಟ್ರೇಲರಿನ ಭಾರ ಹಿಂದಕ್ಕೆ ಜಗ್ಗುತ್ತದೆ. ಎಡಗಾಲು ಕ್ಲಚ್ ಮೇಲಿಂದ ಇಳಿಸಬಾರದು, ಯಾಕೆಂದರೆ ಯಾವಾಗ ಬೇಕಾದೀತೋ ಹೇಳಲಾಗದು.

ನಿಪ್ಪಾಣಿಯಲ್ಲಿ ಮಿಸಳ್ ತಿಂದೆವು. ಥಂಡಿ ಇತ್ತು, ಗಾಳಿಯಲ್ಲಿ ತಂಬಾಕಿನ ಘಾಟು. ಬಸ್ ಸ್ಟ್ಯಾಂಡ್ ಕಡೆ ನೋಡಿ ಅಪ್ಪ, ಬಸ್ಸಿನಲ್ಲಾದರೆ ನಿನಗೆ ಫುಕಟ, ಟಿಕೆಟ್ ನನಗಷ್ಟೇ ಬೀಳುತ್ತಿತ್ತು ಎಂದು ನಕ್ಕ. ಅವನಿಗೂ ಅಂಜಿಕೆ ಇತ್ತು ಎಂದು ಆಗ ತಿಳಿಯಿತು.

ಚಿಕ್ಕೋಡಿ ಇನ್ನೂ ಮುಂದಿರುವಾಗ ಒಂದು ಏರು ಬಂತು. ನಾಲ್ಕನೇ ಗೇರಿನಲ್ಲಿದ್ದೆ. ಅರ್ಧ ಏರುವಷ್ಟರಲ್ಲಿ ಕಾರು ಗಡಗಡ ನಡುಗತೊಡಗಿತು. ಮೂರಕ್ಕೆ ಇಳಿಸಬೇಕೆಂದು ಕೈ ಗೇರಿಗೆ ಹೋಯಿತು, ಅಪ್ಪನ ಕಾನೂನು ನೆನಪಾಗಿ ಹಿಂದೆ ಬಂತು. ಕಾರು ಬಂದ್ ಬಿತ್ತು. ನಾನು ಬ್ರೇಕ್ ತುಳಿದು ಕೂತೆ, ಅಪ್ಪ ಇಳಿದು ಓಡಿ ಕಲ್ಲು ಕೊಟ್ಟ. ಹಿಂದೆ ನಿಂತ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಜಮಾನ್ರ, ಹಿಂದ ಟ್ರೇಲರ್ ಎಲ್ಲಿ ಬಿಟ್ಟ ಬಂದ್ರಿ?"

ಬಸ್ಸಿನ ಹೆಂಗಸರೆಲ್ಲ ನಕ್ಕರು. ಮುಖ ಸುಟ್ಟಂತಾಯಿತು. ಚಾಲು ಮಾಡಿ, ರೇಸ್ ಕೊಟ್ಟು ಕಲ್ಲಿನಿಂದ ಮುಂದೆ ಹಾರಿಸಿದೆ. ಅಪ್ಪ ಕಲ್ಲು ಎತ್ತಿಕೊಂಡು ಏರು ಮುಗಿಯುವವರೆಗೆ ನಡೆದೇ ಬಂದ.

ಚಿಕ್ಕೋಡಿಯಿಂದ ಅಥಣಿಗೆ ಹತ್ತಿರದ ದಾರಿ ಬೇರೆ ಇದೆ. ನಾವು ಕಬ್ಬೂರ ಮೇಲೆ ರಾಯಬಾಗಕ್ಕೆ ಹೋದೆವು. ಅಲ್ಲಿಯ ದಸ್ತಗೀರ ಮಿಸ್ತ್ರಿಗೆ ಕಾರು ಒಮ್ಮೆ ತೋರಿಸಿ ಮುಂದೆ ಹೋಗಿರಿ ಎಂದು ಮಾಲಕರು ಹೇಳಿದ್ದರು. ಕಬ್ಬೂರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಒಂದರ ಸೌಂಡ್ ಬಾಕ್ಸಿನಲ್ಲಿ ಮರಾಠಿ ಹಾಡು. ಮುಕ್ಕಾಲು ತಾಸು ಹೆಜ್ಜೆ ಹೆಜ್ಜೆ ಸರಿದೆವು. ನನ್ನ ಎಡಗಾಲು ಅರ್ಧ ಕ್ಲಚ್ ಮೇಲೇ ಇತ್ತು. ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ರವದಿ ಸುಡುತ್ತಿದ್ದಾರೆ ಎಂದ ಅಪ್ಪ. ಕಬ್ಬು ಕಡಿದ ಮೇಲೆ ಉಳಿದ ಒಣ ಸೋಗೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ, ಈ ದಿನಗಳಲ್ಲಿ ಎಲ್ಲ ಕಡೆ ಅದೇ ಹೊಗೆ. ನಾನೂ ನಂಬಿ ಗಾಜು ಏರಿಸಿದೆ. ವಾಸನೆ ಒಳಗೇ ಹೆಚ್ಚಾಯಿತು.

ರಾಯಬಾಗ ಮುಟ್ಟಿದಾಗ ಹತ್ತೂವರೆ. ದಸ್ತಗೀರ ಮಿಸ್ತ್ರಿ ಬಾನೆಟ್ ಎತ್ತಲಿಲ್ಲ. ಬಾಗಿಲಲ್ಲಿ ಬಗ್ಗಿ ಮೂಸಿ ನೋಡಿ, ರಸ್ತೆಯಲ್ಲಿ ಕಾಲು ಎಲ್ಲಿ ಇಟ್ಟಿದ್ದಿ ತೋರಿಸು ಎಂದರು. ತೋರಿಸಿದೆ.

"ಇದು ಕಾಲ ಇಟ್ಟು ಕೂಡೂ ಕಟ್ಟಿ ಅಲ್ಲವಾ. ಒತ್ತು, ಗೇರ್ ಹಾಕು, ಬಿಡು, ಕಾಲ ಬಾಜೂಕ ಇಡು. ಸುಟ್ಟ ವಾಸನಿ ಕ್ಲಚ್ ಪ್ಲೇಟಿಂದು, ಇನ್ನಾ ಜೀವಂತ ಐತಿ. ಇಂಥಾದ್ದು ಇನ್ನೊಂದು ಪಾಳಿ ಆದ್ರ ಅಥಣಿ ಕಾಣೂದಿಲ್ಲ."

"ನಾನ ಕಲಿಸೀನ್ರಿ ಅದನ್ನ. ಏರಿನಾಗ ಗೇರ್ ಬದಲಸಬಾರ್ದು ಅನ್ನೂದನ್ನೂ" ಎಂದ ಅಪ್ಪ, ಮೆಲ್ಲಗೆ.

ಮಿಸ್ತ್ರಿ ಅಪ್ಪನನ್ನು ನೋಡಿದರು. "ಏರಿನ ಮಾತು ಟ್ರೇಲರಿಗೆ ಖರೇ ಐತ್ರಿ. ಕಾಲಿನ ಮಾತು ಯಾವುದಕ್ಕೂ ಖರೇ ಅಲ್ಲ. ನಿಮ್ಮ ಟ್ರ್ಯಾಕ್ಟರಿನ ಪ್ಲೇಟ್ ಎಷ್ಟ ಸಲಾ ಬದಲ ಆಗೇತಿ?"

ಅಪ್ಪ ಆಚೆ ಹೋಗಿ ಚಹಾ ಹೇಳಿ ಬಂದ.

ಗ್ಯಾರೇಜಿನ ಮುಂದೆ ಸಣ್ಣ ಏರು ಇತ್ತು. ಅಲ್ಲೇ ಕಲಿಸಿದರು. ಹ್ಯಾಂಡ್‌ಬ್ರೇಕ್ ಎಳೆ, ಒಂದನೇ ಗೇರ್ ಹಾಕು, ಕ್ಲಚ್ ಮೆಲ್ಲಗೆ ಎತ್ತುತ್ತ ಬಾ. ಇಂಜಿನ್ನಿನ ದನಿ ದಪ್ಪಗಾಗುತ್ತದೆ, ಕಾರಿನ ಮೂಗು ತುಸು ಏಳುತ್ತದೆ. ಅದೇ ಹಿಡಿಯುವ ಜಾಗ. ಕಾಲು ಅಲ್ಲೇ ನಿಲ್ಲಿಸಿ ಸ್ವಲ್ಪ ರೇಸ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡು. ಮೊದಲ ಆರು ಸಲ ಬಂದ್ ಬಿತ್ತು. ಏಳನೆಯದಕ್ಕೆ ಕಪ್ಪೆಯಂತೆ ಜಿಗಿಯಿತು. ಪ್ಲೇಟ್ ಆರಲಿ ಎಂದು ನಡುನಡುವೆ ನಿಲ್ಲಿಸುತ್ತ ಇಪ್ಪತ್ತು ಸಲ ಮಾಡಿದೆ. ಕೊನೆಯ ನಾಲ್ಕು ಸಲ ಕಾರು ಒಂದು ಬೆರಳೂ ಹಿಂದೆ ಸರಿಯಲಿಲ್ಲ. ಮಿಸ್ತ್ರಿ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಕುಡಚಿಯಲ್ಲಿ ಕೃಷ್ಣೆ ದಾಟಿ, ಉಗಾರದ ಹತ್ತಿರ ಮತ್ತೆ ಕಬ್ಬಿನ ಸಾಲಿಗೆ ಸಿಕ್ಕೆವು. ಈ ಸಲ ಮುಂದಿನ ಟ್ರೇಲರ್ ದೂರ ಹೋಗಲಿ ಎಂದು ನ್ಯೂಟ್ರಲಿನಲ್ಲಿ ಕಾದೆ, ಜಾಗ ಬಿಟ್ಟಾಗ ಒಮ್ಮೆಲೇ ಹೋದೆ, ಕಾಲು ಬದಿಗಿಟ್ಟೆ. ಹಿಂದಿನವರು ಹಾರ್ನ್ ಹೊಡೆದರು, ಹೊಡೆದುಕೊಳ್ಳಲಿ. ಅಪ್ಪ ರಸ್ತೆ ನೋಡುವುದು ಬಿಟ್ಟು ನನ್ನ ಎಡಗಾಲು ನೋಡುತ್ತಿದ್ದ. ಹೊರಗೆ ರವದಿ ಸುಡುವ ವಾಸನೆ ಬಂತು. ಇಬ್ಬರೂ ಒಮ್ಮೆಲೇ ಗಾಬರಿಯಿಂದ ಹೊಲದ ಕಡೆ ತಿರುಗಿದೆವು. ಖರೇನೇ ಹೊಗೆ ಕಂಡಾಗ ಅಪ್ಪ ಜೋರಾಗಿ ನಕ್ಕ.

ಕಾಗವಾಡದಲ್ಲಿ ಬೇವಿನ ನೆರಳಿಗೆ ನಿಂತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಅಲ್ಲಿಂದ ಅಥಣಿಯವರೆಗೆ ದ್ರಾಕ್ಷಿ ತೋಟಗಳ ನಡುವಿನ ರಸ್ತೆ. ಮೀಟರ್ ನೋಡದೆ ಇಂಜಿನ್ನಿನ ದನಿ ಕೇಳಿ ಗೇರ್ ಬದಲಿಸಿದೆ. ಒಂದು ಏರಿನಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಿದೆ. ಅಪ್ಪ ಬಗ್ಗಿ ಕಲ್ಲಿನ ಮೇಲೆ ಕೈ ಇಟ್ಟ, ಕಾರು ನಿಲ್ಲದೆ ಏರಿತು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಗೋದಾಮು ಮುಟ್ಟಿದೆವು. ಅಪ್ಪ ಕಲ್ಲು ಎತ್ತಿಕೊಂಡು ಇಳಿದ, ಮ್ಯಾನೇಜರ್ ಹತ್ತಿ ಕೂತರು. ಪೇಟೆಯಲ್ಲಿ ಒಂದು ಸುತ್ತು ಹಾಕಿಸಿ ವಾಪಸ್ ತಂದರು. ಗೋದಾಮಿನ ಬಾಗಿಲಿಗೆ ಲಾರಿ ಏರುವ ಇಳಿಜಾರು ಕಟ್ಟಿದ್ದಾರೆ. ಅದರ ನಟ್ಟನಡುವೆ, ಇಲ್ಲೇ ನಿಲ್ಲಸ್ರಿ ಎಂದರು. ಹಿಂದೆ ಎರಡು ಮಾರು ದೂರದಲ್ಲಿ ಬೀಜದ ಚೀಲ ತುಂಬಿದ ಲಾರಿ.

ಹ್ಯಾಂಡ್‌ಬ್ರೇಕ್ ಎಳೆದು ಕನ್ನಡಿ ನೋಡಿದೆ. ಅಪ್ಪ ಎರಡೂ ಕೈಯಲ್ಲಿ ಕಲ್ಲು ಹಿಡಿದು ಓಡಿ ಬರುತ್ತಿದ್ದ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೇಡ ಎಂದು ಆಡಿಸಿದೆ. ಅವನು ನಿಂತ.

ಒಂದನೇ ಗೇರ್. ಕ್ಲಚ್ ಎತ್ತುತ್ತ ಬಂದೆ. ದನಿ ದಪ್ಪಗಾಯಿತು, ಮೂಗು ಎದ್ದಿತು. ಕಾಲು ಅಲ್ಲೇ ನಿಲ್ಲಿಸಿ ರೇಸ್ ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಹಿಂದೆ ಸರಿಯದೆ ಗೋದಾಮಿನ ಬಾಗಿಲಿಗೆ ಹೋಗಿ ನಿಂತಿತು.

ಮ್ಯಾನೇಜರ್ ಹೊಗಳಲಿಲ್ಲ. "ಸೋಮವಾರ ಬರ್ರಿ. ತೆಲಸಂಗದಿಂದ ಶುರು ಮಾಡ್ರಿ" ಎಂದು ಇಳಿದು ಹೋದರು.

ಅಪ್ಪ ಬಂದು ಪಕ್ಕದಲ್ಲಿ ಕೂತ. ಕಾಲ ಹತ್ತಿರ ಏನೂ ಇರಲಿಲ್ಲ. ಕಲ್ಲು ಎಲ್ಲಪ್ಪಾ ಎಂದೆ.

"ಗ್ವಾಡಿ ಬಾಜೂಕ ಇಟ್ಟೆ. ಯಾರಿಗರ ಬೇಕಾದೀತು."

ಗೇಟು ದಾಟುವಾಗ ಕನ್ನಡಿಯಲ್ಲಿ ಕಂಡಿತು, ಬಿಳೀ ಗೋಡೆಯ ಬುಡದಲ್ಲಿ ನಮ್ಮೂರಿನ ಕರೀ ಕಲ್ಲು. ಎರಡನೇ ಗೇರ್ ಹಾಕಿ ಎಡಗಾಲು ಬದಿಗಿಟ್ಟೆ.