ಮಗಳು ಹೊಡೆದುಹಾಕಿದ ಒಂದು ಸಾಲು

ತಪ್ಪು ನನ್ನದೇ. “ಮಾವ ಬಂದಿದ್ದಾರಲ್ಲ, ಅವರ ಮುಂದೆ ಒಂದ್ಸಲ ಓದಿಬಿಡೇ, ಸ್ಟೇಜ್ ಭಯ ಹೋಗುತ್ತೆ” ಎಂದು ಮಗಳಿಗೆ ಹೇಳಿದವಳು ನಾನೇ.

ಅವತ್ತು ಭಾನುವಾರ. ವಿದ್ಯಾನಗರದ ನಮ್ಮ ಮನೆಗೆ ಭದ್ರಾವತಿಯಿಂದ ನನ್ನ ಅಣ್ಣ ಉಮೇಶ ಬಂದಿದ್ದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ರಿಟೈರ್ ಆಗಿ ಎರಡು ವರ್ಷವಾಯಿತು. ನನ್ನ ಮಗಳು ಸಿಂಚನ ಲಾ ಓದುತ್ತಿದ್ದಾಳೆ. ಭದ್ರಾವತಿಯ ಕಾಲೇಜೊಂದರಲ್ಲಿ ಅವಳಿಗೆ ಚರ್ಚಾಸ್ಪರ್ಧೆ ಇತ್ತು. ವಿಷಯ: ಗಾಂಜಾ ಸೇವನೆಯನ್ನು ಕಾನೂನುಬದ್ಧಗೊಳಿಸಬೇಕೆ? ಚೀಟಿ ಎತ್ತಿದಾಗ ಇವಳಿಗೆ ಬಂದದ್ದು ‘ಹೌದು’. (ಅದು ಚೀಟಿಯ ಅಭಿಪ್ರಾಯ, ಮಗಳದ್ದಲ್ಲ ಎಂದು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.)

ಅಣ್ಣ ದೋಸೆ ಮುಗಿಸಿ ಕಾಫಿ ಲೋಟ ಹಿಡಿದು ಕೂತ. ಇವಳು ಶುರುಮಾಡಿದಳು. ನನ್ನ ದೇಹ, ನನ್ನ ಆಯ್ಕೆ. ತಡೆಯಲು ಸರ್ಕಾರ ಯಾರು? ಮದ್ಯಕ್ಕೊಂದು ನ್ಯಾಯ, ಗಾಂಜಾಕ್ಕೊಂದು ನ್ಯಾಯವೇ? ಚೆನ್ನಾಗಿಯೇ ಇತ್ತು. ಆಮೇಲೆ ಈ ಸಾಲು ಬಂತು: “ಸ್ವಾತಂತ್ರ್ಯ ಬೇಕೆನ್ನುವವರು ಅದರ ಬೆಲೆಯನ್ನೂ ತಾವೇ ತೆರಲಿ. ತಾವಾಗಿಯೇ ಚಟಕ್ಕೆ ಬಿದ್ದವರನ್ನು ಎತ್ತಲು ತೆರಿಗೆದಾರರ ದುಡ್ಡು ಯಾಕೆ ಪೋಲಾಗಬೇಕು?”

ನನ್ನ ಕೈಲಿದ್ದ ಸೌಟು ಅಲ್ಲೇ ನಿಂತಿತು.

ಸಿಂಚನಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಮಾವ ಒಂದು ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲಿದ್ದ. ಮಕ್ಕಳಿಗೆಲ್ಲ ‘ಮಾವಂಗೆ ಕಾಮಾಲೆ’ ಎಂದಿದ್ದೆವು, ಕಾರ್ಖಾನೆಯವರಿಗೂ ಅದನ್ನೇ ಹೇಳಿದ್ದೆವು. ಅಸಲಿಗೆ ಅವನಿದ್ದದ್ದು ಕುಡಿತ ಬಿಡಿಸುವ ವಾರ್ಡಿನಲ್ಲಿ. ಕೈ ನಡುಗಿ ಸ್ಪ್ಯಾನರ್ ಹಿಡಿಯಲಾಗದೆ, ಇನ್ನೇನು ಕೆಲಸವೇ ಹೋಯಿತು ಎನ್ನುವಾಗ ಅತ್ತಿಗೆ ಮತ್ತು ನಾನು ಕರೆದುಕೊಂಡು ಹೋಗಿ ಸೇರಿಸಿದ್ದೆವು. ಹೊರಗೆ ಬಂದವನು ಮತ್ತೆ ಒಂದು ತೊಟ್ಟು ಮುಟ್ಟಲಿಲ್ಲ. ನಾವೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

“ಆ ಸಾಲು ಇನ್ನೊಂದ್ಸಲ ಓದು” ಎಂದ ಅಣ್ಣ.

ಓದಿದಳು.

“ನನ್ನನ್ನ ಎತ್ತಿದ್ದು ಅದೇ ದುಡ್ಡು ಕಣಮ್ಮ.”

“ಬಿಡು ಮಾರಾಯ, ಅದೆಲ್ಲ ಈಗ್ಯಾಕೆ?” ಎಂದೆ. ಅವನು ಬಿಡಲಿಲ್ಲ. ಎಲ್ಲವನ್ನೂ ಹೇಳಿದ. ಸಿಂಚನ ಕಾಗದ ಮಡಚಿ, “ಸಾರಿ ಮಾವ” ಎಂದು ಅಳುವುದಕ್ಕೇ ಶುರುಮಾಡಿದಳು.

“ಅಳೋದ್ಯಾಕೆ? ನಿಂದು ಪೂರ್ತಿ ತಪ್ಪು ಅಂತ ನಾನೆಲ್ಲಿ ಹೇಳ್ದೆ? ಕುಡಿಯೋರನ್ನ ಜೈಲಿಗೆ ಹಾಕ್ತಾರೆ ಅಂದಿದ್ರೆ ನಾನು ಡಾಕ್ಟ್ರ ಹತ್ರ ಹೋಗ್ತಾನೇ ಇರ್ಲಿಲ್ಲ. ಬಚ್ಚಿಟ್ಕೊಂಡು ಕುಡಿದು ಸಾಯ್ತಿದ್ದೆ. ಆದ್ರೆ ಸ್ವಾತಂತ್ರ್ಯ ಅಂದ್ಯಲ್ಲ, ಅದು ಮೊದಲನೇ ಗ್ಲಾಸಿನ ತನಕ ಮಾತ್ರ. ಬೆಳಗ್ಗೆ ಎದ್ದು ಅಂಗಡಿ ಬಾಗಿಲಲ್ಲಿ ನಿಲ್ತಿದ್ನಲ್ಲ, ಅದು ನಾನು ಆರಿಸ್ಕೊಂಡಿದ್ದಲ್ಲ.”

“ಹಾಗಾದ್ರೆ ಗಾಂಜಾ ಲೀಗಲ್ ಆಗ್ಬೇಕಾ, ಬೇಡ್ವಾ?” ಸಿಂಚನ ಕಣ್ಣೊರೆಸಿಕೊಂಡು ಕೇಳಿದಳು.

“ಹಿಡಿದು ಒಳಗೆ ಹಾಕೋದೂ ಬೇಡ, ಅಂಗಡಿ ತೆರೆಯೋದೂ ಬೇಡ ಅನ್ಸುತ್ತೆ. ಹಾಗೆ ಹೇಳಿದ್ರೆ ನಿಂಗೆ ಪ್ರೈಜ್ ಕೊಡ್ತಾರಾ?”

ಕೊಡುವುದಿಲ್ಲ ಎಂದು ಅವಳೂ ನಕ್ಕಳು. ಆದರೆ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು.

ಗುರುವಾರ ಭದ್ರಾವತಿಯಲ್ಲಿ ಸ್ಪರ್ಧೆ. ಬ್ಯಾಂಕಿಗೆ ರಜೆ ಹಾಕಿ ನಾನೂ ಹೋದೆ. ಅಣ್ಣ ಇಸ್ತ್ರಿ ಶರ್ಟ್ ಹಾಕಿಕೊಂಡು ನನಗಿಂತ ಮೊದಲೇ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಸಿಂಚನ ಚೆನ್ನಾಗಿಯೇ ಮಾತಾಡಿದಳು. ಅವಳ ಎದುರಾಳಿ ಹೊಳೆಹೊನ್ನೂರಿನ ಒಬ್ಬ ಹುಡುಗಿ. ಭಲೇ ಚುರುಕು. “ಸೇದೋರು ಇವರು, ಆಸ್ಪತ್ರೆ ಬಿಲ್ಲು ಕಟ್ಟೋರು ನಮ್ಮಪ್ಪ. ಇದ್ಯಾವ ಸ್ವಾತಂತ್ರ್ಯ?” ಎಂದಳು. ಹಾಲ್ ತುಂಬ ಚಪ್ಪಾಳೆ.

ಉತ್ತರ ಮೂರನೇ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತಿತ್ತು. ಸಿಂಚನ ಒಂದು ಸಲವೂ ನಮ್ಮ ಕಡೆ ನೋಡಲಿಲ್ಲ. ಏನೋ ತಡವರಿಸಿ, ಬೆಲ್ ಹೊಡೆದ ಮೇಲೆ ಹೋಗಿ ಕೂತಳು. ಮಾವನ ಕಥೆ ಹೇಳಿದ್ದರೆ ಗೆಲ್ಲುತ್ತಿದ್ದಳೋ ಏನೋ. ಹೇಳಲಿಲ್ಲ. ನನಗೆ ಅಷ್ಟೇ ಸಾಕೆನಿಸಿತು.

ಕೊನೆಯಲ್ಲಿ ನಿರೂಪಕರು ಸಭಿಕರಿಗೆ ಮೈಕ್ ಕೊಟ್ಟರು. ಪಕ್ಕದಲ್ಲಿ ಅಣ್ಣ ಎದ್ದ! ನಾನು ಶರ್ಟ್ ಹಿಡಿದು ಎಳೆದೆ. ಆ ಹಾಲಿನಲ್ಲಿ ಅವನ ಜೊತೆ ಶಿಫ್ಟ್ ಮಾಡಿದವರಿದ್ದರು, ಅವರ ಮಕ್ಕಳಿದ್ದರು. ಇಷ್ಟು ವರ್ಷ ಕಾಮಾಲೆಯ ಹೆಸರಲ್ಲಿ ಕಾಪಾಡಿಕೊಂಡು ಬಂದ ಮರ್ಯಾದೆ ಏನಾಗಬೇಕು?

“ನಾನು ಕುಡೀತಿದ್ದೆ. ನನ್ನ ಆಸ್ಪತ್ರೆ ಖರ್ಚು ನಿಮ್ಮಪ್ಪನಂಥೋರೇ ಕೊಟ್ಟಿದ್ದು” ಎಂದ ಆ ಹುಡುಗಿಯನ್ನೇ ನೋಡುತ್ತ. “ಹೊರಗೆ ಬಂದು ಹನ್ನೊಂದು ವರ್ಷ ಡ್ಯೂಟಿ ಮಾಡ್ದೆ. ಸಂಬಳದಲ್ಲಿ ಟ್ಯಾಕ್ಸ್ ಹಿಡ್ಕೊಂಡ್ರು. ನಿಂಗೇನಾದ್ರೂ ಸ್ಕಾಲರ್‌ಶಿಪ್ ಬರ್ತಿದ್ರೆ ಅದ್ರಲ್ಲಿ ನಂದೂ ಒಂದು ಚೂರು ಇರಬಹುದಮ್ಮ. ಚೆನ್ನಾಗಿ ಓದು.”

ಮೊದಲು ಚಪ್ಪಾಳೆ ಹೊಡೆದವಳು ಆ ಹುಡುಗಿಯೇ.

ಫಸ್ಟ್ ಪ್ರೈಜ್ ಅವಳಿಗೇ ಬಂತು. ಸಿಂಚನ ಥರ್ಡ್. (ವಿಷಯದಿಂದ ಸ್ವಲ್ಪ ಆಚೀಚೆ ಹೋದಳಂತೆ, ಜಡ್ಜ್ ಹೇಳಿದ್ದು.) ಹೊರಗೆ ನಾವು ಮಸಾಲೆ ಮಂಡಕ್ಕಿ ತಿನ್ನುತ್ತಿದ್ದಾಗ ಹೊಳೆಹೊನ್ನೂರಿನ ಹುಡುಗಿ ಬಂದಳು. “ಅಂಕಲ್, ನನ್ನ ಮಾತಿಂದ ಬೇಜಾರಾಯ್ತಾ?”

“ಇಲ್ಲಮ್ಮ. ಸರಿಯಾದ ಪ್ರಶ್ನೇನೇ ಕೇಳ್ದೆ. ಉತ್ತರ ಹೇಳೋಕೆ ನಂಗೇ ಇಷ್ಟು ವರ್ಷ ಹಿಡೀತು” ಎಂದು ಅವಳಿಗೂ ಒಂದು ಪೊಟ್ಟಣ ಕೊಡಿಸಿದ. ಅಣ್ಣನ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಗಾಂಜಾ ವಿಷಯದಲ್ಲಿ ನನ್ನ ನಿಲುವೇನು ಎಂದು ನೀವು ಕೇಳುತ್ತೀರಿ. ಹೋದ ತಿಂಗಳಾಗಿದ್ದರೆ ‘ಎಲ್ಲರನ್ನೂ ಒಳಗೆ ಹಾಕಿ’ ಎನ್ನುತ್ತಿದ್ದೆ. ಈಗ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಅಂಗಡಿ ಬೇಕೋ, ಜೈಲು ಬೇಕೋ, ಜಾಣರು ಕೂತು ಇನ್ನೂ ಎಷ್ಟು ದಿನ ಬೇಕಾದರೂ ವಾದಿಸಲಿ.

ಬಿದ್ದವರಿಗೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಇರಲಿ ಎನ್ನುವುದಕ್ಕೂ ಚರ್ಚಾಸ್ಪರ್ಧೆ ಬೇಕೆ?